ವಂಡರ್‌ಲಾಗೆ ಒಂದು ದಿನ: ನೀರಿಗೆ ಒಂದೇ ಸಲ ಇಳಿಯುವಂತೆ ಪ್ಲ್ಯಾನ್ ಮಾಡಿ

ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 28 ಕಿ.ಮೀ. ಹೋದರೆ ಬಿಡದಿಯ ಹತ್ತಿರ ವಂಡರ್‌ಲಾ ಸಿಗುತ್ತದೆ. 2005ರಿಂದ ನಡೆಯುತ್ತಿರುವ, 82 ಎಕರೆಯಷ್ಟು ಹರಡಿಕೊಂಡ, ನೀರಿನ ಆಟಗಳೂ ಇರುವ ಮನರಂಜನಾ ಪಾರ್ಕ್ ಇದು. ಒಳಗೆ 60ಕ್ಕೂ ಹೆಚ್ಚು ರೈಡ್‌ಗಳಿವೆ. ತೆರೆದಿರುವುದು ಸಾಮಾನ್ಯವಾಗಿ ಬೆಳಗ್ಗೆ 11ರಿಂದ ಸಂಜೆ 6 ಅಥವಾ 7ರವರೆಗೆ. 6ಕ್ಕೆ ಮುಚ್ಚಿದರೆ ಕೈಗೆ ಸಿಗುವುದು ಒಟ್ಟು 7 ತಾಸು, ಅಂದರೆ 420 ನಿಮಿಷ. ಊಟ, ಬಟ್ಟೆ ಬದಲಾವಣೆ, ಓಡಾಟಕ್ಕೆ 2 ಗಂಟೆ ಕಳೆಯಿರಿ, ಉಳಿಯುವುದು 300 ನಿಮಿಷ. ಕ್ಯೂ ಸೇರಿ ಒಂದೊಂದು ರೈಡ್‌ಗೆ 20ರಿಂದ 25 ನಿಮಿಷ ಹಿಡಿದರೂ 12ರಿಂದ 15 ರೈಡ್ ಆಗುತ್ತದೆ, ಅಷ್ಟೆ. ಹಾಗಾಗಿ ಎಲ್ಲವನ್ನೂ ಆಡಿ ಮುಗಿಸಿಯೇ ಬರುತ್ತೇವೆ ಅನ್ನುವ ಆಸೆಯನ್ನು ಮನೆಯಲ್ಲೇ ಬಿಟ್ಟು ಹೊರಡಿ.

ದಿನದ ಹೊತ್ತನ್ನು ನುಂಗುವುದು ಕ್ಯೂ ಮಾತ್ರ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕ್ಯೂ ಜೊತೆಗೆ ಇನ್ನೊಂದು ಕಳ್ಳ ಬಟ್ಟೆ ಬದಲಾವಣೆ. ಐದು ಜನರ ಮನೆಯವರು ಒಮ್ಮೆ ನೀರಿಗೆ ಇಳಿದು, ಮೇಲೆ ಬಂದು, ಒರೆಸಿಕೊಂಡು, ಬಟ್ಟೆ ಹಾಕಿಕೊಂಡು, ಲಾಕರ್ ಮುಚ್ಚಿ ಹೊರಡುವುದಕ್ಕೆ ಅರ್ಧ ಗಂಟೆಗೆ ಕಮ್ಮಿ ಸಾಲದು. ಮಕ್ಕಳ ಹಟಕ್ಕೆ ಮಣಿದು ದಿನಕ್ಕೆ ಎರಡು ಮೂರು ಸಲ ಹೀಗೆ ಮಾಡಿದರೆ ಒಂದರಿಂದ ಒಂದೂವರೆ ಗಂಟೆ ಅಲ್ಲೇ ಹೋಯಿತು. ಅದಕ್ಕೇ ಈ ಮಾರ್ಗದರ್ಶಿಯ ಇಡೀ ಯೋಜನೆ ಒಂದು ನಿಯಮದ ಮೇಲೆ ನಿಂತಿದೆ: ನೀರಿಗೆ ದಿನಕ್ಕೆ ಒಂದೇ ಸಲ ಇಳಿಯಬೇಕು. ಮುಂದಿನ ತಯಾರಿಯೆಲ್ಲ ಅದನ್ನು ಸಾಧ್ಯ ಮಾಡುವುದಕ್ಕೆ.

ಒಂದು ತಿಂಗಳು ಮೊದಲು: ದಿನ ಆರಿಸಿ

ವಾರದ ದಿನ ಹೋದರೆ ಖಾಲಿ ಇರುತ್ತದೆ ಅನ್ನುವ ಮಾತು ಅರ್ಧ ಮಾತ್ರ ನಿಜ. ನವೆಂಬರ್‌ನಿಂದ ಜನವರಿವರೆಗೆ ಶಾಲಾ ಪ್ರವಾಸದ ಕಾಲ. ಆಗ ಬುಧವಾರ, ಗುರುವಾರವೂ ಗೇಟಿನ ಮುಂದೆ ಶಾಲೆಗಳ ಬಸ್ಸುಗಳು ಸಾಲುಗಟ್ಟಿರುತ್ತವೆ. ಒಂದೊಂದು ಬಸ್ಸಿನಿಂದ ಐವತ್ತು ಮಕ್ಕಳು ಇಳಿದು ಒಂದೇ ರೈಡ್‌ನತ್ತ ಓಡುತ್ತಾರೆ. ಏಪ್ರಿಲ್, ಮೇ ರಜೆ ಮತ್ತು ದಸರಾ ರಜೆಯಲ್ಲಿ ಯಾವ ವಾರವೂ ಖಾಲಿ ಇರುವುದಿಲ್ಲ. ಸೋಮವಾರ ಅಥವಾ ಶುಕ್ರವಾರ ಸರ್ಕಾರಿ ರಜೆ ಬಂದು ಮೂರು ದಿನ ಒಟ್ಟಿಗೆ ಸಿಕ್ಕರಂತೂ ಹೋಗಲೇಬೇಡಿ.

ಒಳ್ಳೆಯ ಕಾಲ ಯಾವುದು ಅಂದರೆ ಶಾಲೆಗಳು ತೆರೆದ ನಂತರದ ಜೂನ್ ಮಧ್ಯದಿಂದ ಜುಲೈ ಕೊನೆಯವರೆಗೆ, ಮಂಗಳವಾರದಿಂದ ಗುರುವಾರದೊಳಗೆ. ಮಕ್ಕಳಿಗೆ ಒಂದು ದಿನ ರಜೆ ಹಾಕಿಸಬೇಕಾಗುತ್ತದೆ, ನಿಜ. ಆಗ ಬಿಡದಿಯ ಕಡೆ ಸಾಮಾನ್ಯವಾಗಿ ಜಡಿಮಳೆಗಿಂತ ತುಂತುರು ಹೆಚ್ಚು. ಹೇಗಿದ್ದರೂ ಒದ್ದೆಯಾಗುವುದಕ್ಕೇ ತಾನೆ ಹೋಗುವುದು? ಬಿಸಿಲು ಕಮ್ಮಿ ಇರುವುದರಿಂದ ಸುಸ್ತೂ ಕಮ್ಮಿ.

ಬೇಸಿಗೆಯಲ್ಲೇ ಹೋಗಬೇಕಾದವರು ಇನ್ನೊಂದು ವಿಷಯ ತಿಳಿದಿರಬೇಕು. ಏಪ್ರಿಲ್ ಕೊನೆ, ಮೇ ತಿಂಗಳ ಭರಣಿ, ಕೃತ್ತಿಕೆ ಮಳೆಗಳು ಈ ಭಾಗದಲ್ಲಿ ಬರುವುದು ಹೆಚ್ಚಾಗಿ ಸಂಜೆ, ಅದೂ ಗುಡುಗು, ಮಿಂಚು, ಗಾಳಿಯ ಜೊತೆ. ಮಿಂಚು ಕಂಡರೆ ಎತ್ತರದ ರೈಡ್‌ಗಳನ್ನು ನಿಲ್ಲಿಸುತ್ತಾರೆ, ಕೊಳದಲ್ಲಿದ್ದವರನ್ನೂ ಮೇಲೆ ಕರೆಯುತ್ತಾರೆ. ದೊಡ್ಡ ರೈಡ್‌ಗಳನ್ನು ಸಂಜೆಗೆ ಅಂತ ಉಳಿಸಿಕೊಂಡವರಿಗೆ ಆಮೇಲೆ ಅವು ಸಿಗುವುದೇ ಇಲ್ಲ. ಬೆಳಗ್ಗೆಯೇ ಅವುಗಳನ್ನು ಮುಗಿಸಬೇಕು ಅನ್ನುವುದಕ್ಕೆ ಕ್ಯೂ ಜೊತೆಗೆ ಇದೂ ಒಂದು ಕಾರಣ.

ಮಕ್ಕಳ ಎತ್ತರ ಮನೆಯಲ್ಲೇ ಅಳೆಯಿರಿ

ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂ.ಮೀ.ಗಿಂತ ಕೆಳಗಿದ್ದರೆ ಉಚಿತ, 85ರಿಂದ 140 ಸೆಂ.ಮೀ.ವರೆಗೆ ಮಕ್ಕಳ ಟಿಕೆಟ್, ಅದಕ್ಕಿಂತ ಮೇಲಿದ್ದರೆ ದೊಡ್ಡವರ ಟಿಕೆಟ್. ಬುಕ್ ಮಾಡುವ ಹೊತ್ತಿಗೆ ಅವರ ವೆಬ್‌ಸೈಟ್‌ನಲ್ಲಿ ಇದನ್ನು ಒಮ್ಮೆ ಖಚಿತ ಮಾಡಿಕೊಳ್ಳಿ.

ಅಳೆಯುವ ರೀತಿ ಹೀಗೆ. ಮಗುವನ್ನು ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ. ಜುಟ್ಟು, ಕ್ಲಿಪ್ಪು ಬಿಚ್ಚಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತಲೆಯ ಮೇಲೆ ಅಡ್ಡಲಾಗಿ, ಅದರ ಅಂಚು ಗೋಡೆಗೆ ಪೂರ್ತಿ ಒತ್ತಿಕೊಳ್ಳುವಂತೆ ಇಟ್ಟು, ಪುಸ್ತಕದ ಕೆಳಗಿನ ಅಂಚಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ನೆಲದಿಂದ ಗೆರೆಯವರೆಗೆ ಟೇಪ್ ಹಿಡಿದು ಅಳೆಯಿರಿ. ಬೆಳಗ್ಗೆ ಎದ್ದಾಗಿನ ಎತ್ತರಕ್ಕಿಂತ ಸಂಜೆಯ ಎತ್ತರ ಸುಮಾರು ಒಂದು ಸೆಂ.ಮೀ. ಕಮ್ಮಿ ಇರುತ್ತದೆ, ದಿನವಿಡೀ ನಿಂತು ಓಡಾಡಿ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒತ್ತಿಕೊಂಡಿರುತ್ತವೆ. ಗೆರೆಯ ಹತ್ತಿರ ಹತ್ತಿರ ಇರುವ ಮಗುವನ್ನು ಸಂಜೆಯೇ ಅಳೆದು, ಆ ಲೆಕ್ಕವನ್ನೇ ನಂಬಿ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ದೊಡ್ಡ ರೈಡ್‌ಗಳ ಬಾಗಿಲಲ್ಲಿ ಎತ್ತರದ ಗೆರೆ ಇರುತ್ತದೆ. ಅರ್ಧ ಗಂಟೆ ಕ್ಯೂ ನಿಂತು, ಕೊನೆಯಲ್ಲಿ ಎರಡು ಸೆಂ.ಮೀ. ಕಮ್ಮಿ ಅಂತ ವಾಪಸ್ ಕಳಿಸಿದಾಗ ಮಗು ಅಳುತ್ತದೆ, ಅಪ್ಪ ಆಪರೇಟರ್ ಜೊತೆ ಜಗಳಕ್ಕೆ ನಿಲ್ಲುತ್ತಾರೆ, ಇಡೀ ಮಧ್ಯಾಹ್ನ ಕೆಡುತ್ತದೆ. ಆಪರೇಟರ್ ಬಗ್ಗುವುದಿಲ್ಲ, ಬಗ್ಗಲೂಬಾರದು. ಭುಜದ ಮೇಲೆ, ತೊಡೆಯ ಮೇಲೆ ಬಂದು ಕೂರುವ ಕಬ್ಬಿಣದ ಪಟ್ಟಿಯನ್ನು ಇಂತಿಷ್ಟು ಅಳತೆಯ ಮೈಗೆ ಅಂತಲೇ ಮಾಡಿರುತ್ತಾರೆ. ಸಣ್ಣ ಮೈ ಅದರ ಕೆಳಗಿನಿಂದ ಜಾರುತ್ತದೆ. ಮನೆಯಲ್ಲೇ ಗೆರೆ ತೋರಿಸಿ, "ಈ ಸಲ ರಿಕಾಯಿಲ್ ರೋಲರ್ ಕೋಸ್ಟರ್ ಇಲ್ಲ ಪುಟ್ಟಾ, ಇಷ್ಟು ಬೆಳೆದ ಮೇಲೆ" ಅಂತ ಹೇಳಿಬಿಡಿ. ಮನೆಯ ಗೋಡೆ ಹೇಳಿದ್ದನ್ನು ಮಗು ಒಪ್ಪಿಕೊಳ್ಳುತ್ತದೆ. ಪಾರ್ಕ್‌ನ ಗೇಟಿನಲ್ಲಿ ಹೇಳಿದರೆ ಒಪ್ಪುವುದಿಲ್ಲ.

ಟಿಕೆಟ್

ಆನ್‌ಲೈನ್‌ನಲ್ಲೇ ಮಾಡಿ. ವಾರದ ದಿನಕ್ಕೂ ವಾರಾಂತ್ಯಕ್ಕೂ ದರ ಬೇರೆ, ಮುಂಚಿತವಾಗಿ ಬುಕ್ ಮಾಡಿದವರಿಗೆ ಮತ್ತು ಕಾಲೇಜು ವಿದ್ಯಾರ್ಥಿಗಳಿಗೆ ರಿಯಾಯಿತಿ ಇರುತ್ತದೆ. ವಿದ್ಯಾರ್ಥಿ ರಿಯಾಯಿತಿ ತೆಗೆದುಕೊಂಡರೆ ಗುರುತಿನ ಚೀಟಿಯ ಮೂಲ ಪ್ರತಿ ಕೈಯಲ್ಲಿರಬೇಕು. ಟಿಕೆಟ್‌ನ ಕ್ಯೂಆರ್ ಕೋಡ್‌ನ ಸ್ಕ್ರೀನ್‌ಶಾಟ್ ಇಬ್ಬರ ಫೋನ್‌ನಲ್ಲಿ ಇಟ್ಟುಕೊಳ್ಳಿ.

ಫಾಸ್ಟ್‌ಟ್ರ್ಯಾಕ್ ಅನ್ನುವ ದುಬಾರಿ ಟಿಕೆಟ್ ಕೂಡ ಇದೆ, ಅದರಲ್ಲಿ ಬೇರೆ ಸಾಲಿನಿಂದ ಬೇಗ ಒಳಗೆ ಹೋಗಬಹುದು. ಬೇಕೋ ಬೇಡವೋ? ಜೂನ್‌ನ ಬುಧವಾರಕ್ಕೆ ಅದು ದುಡ್ಡು ದಂಡ. ಮೇ ತಿಂಗಳ ಭಾನುವಾರ, ಅದೂ ದೊಡ್ಡ ರೈಡ್‌ಗಳಿಗೇ ಅಂತ ಹೋಗುವ ಕಾಲೇಜು ಹುಡುಗರಿಗೆ ಸಾರ್ಥಕ. ಆರೇಳು ವರ್ಷದ ಮಕ್ಕಳಿರುವ ಮನೆಯವರು ತೆಗೆದುಕೊಳ್ಳಬೇಡಿ. ನಿಮ್ಮ ಹೊತ್ತೆಲ್ಲ ಹೋಗುವುದು ಅಲೆ ಏಳಿಸುವ ಕೊಳವಾದ ವೇವ್ ಪೂಲ್‌ನಲ್ಲಿ ಮತ್ತು ಮಕ್ಕಳ ವಿಭಾಗದಲ್ಲಿ.

ಬಟ್ಟೆ: ಲೇಬಲ್ ಓದದೆ ಹೋಗಬೇಡಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ನೀರಿನ ರೈಡ್‌ಗಳಿಗೆ ನೈಲಾನ್, ಪಾಲಿಯೆಸ್ಟರ್, ಲೈಕ್ರಾದಂಥ ಬಟ್ಟೆ ಬೇಕು. ಹತ್ತಿ ಬಟ್ಟೆ, ಜೀನ್ಸ್, ಸೀರೆ, ಚೂಡಿದಾರ್, ದುಪಟ್ಟಾ ಹಾಕಿಕೊಂಡವರನ್ನು ಇಳಿಸುವುದಿಲ್ಲ. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಜಾರುಬಂಡಿಯ ಮೇಲೆ ಹಿಡಿದುಕೊಳ್ಳುತ್ತದೆ, ಅದರ ಎಳೆಗಳು ಬಿಚ್ಚಿ ನೀರು ಸೋಸುವ ಫಿಲ್ಟರ್ ಸೇರುತ್ತವೆ. ಜೀನ್ಸ್‌ನ ಲೋಹದ ಗುಂಡಿ ಮತ್ತು ಜಿಪ್ ಫೈಬರ್ ಜಾರುಬಂಡಿಯನ್ನು ಗೀರುತ್ತವೆ, ಆ ಗೀರು ಹಿಂದೆ ಬರುವವರ ಮೈ ತರಚುತ್ತದೆ. ದುಪಟ್ಟಾ ಕುತ್ತಿಗೆಗೆ ಸುತ್ತಿಕೊಂಡರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ.

ಇಲ್ಲೊಂದು ಮೋಸವಿದೆ. ಅಂಗಡಿಯಲ್ಲಿ ಲೈಕ್ರಾ ಲೆಗ್ಗಿಂಗ್ಸ್ ಅಂತ ಮಾರುವುದರಲ್ಲಿ ಬಹುಪಾಲು ಹತ್ತಿಯೇ. ಒಳಗಿನ ಲೇಬಲ್ ತಿರುಗಿಸಿ ನೋಡಿ: ಕಾಟನ್ ಶೇ. 95, ಸ್ಪ್ಯಾಂಡೆಕ್ಸ್ (ಲೈಕ್ರಾ ಅನ್ನುವುದೂ ಇದನ್ನೇ) ಶೇ. 5 ಅಂತಿದ್ದರೆ ಅದು ಹತ್ತಿ ಬಟ್ಟೆ. ಪಾಲಿಯೆಸ್ಟರ್ ಅಥವಾ ನೈಲಾನ್ ಶೇ. 80ರ ಆಸುಪಾಸು, ಉಳಿದದ್ದು ಸ್ಪ್ಯಾಂಡೆಕ್ಸ್ ಅಂತಿದ್ದರೆ ಸರಿ. ಲೇಬಲ್ ಹರಿದಿದ್ದರೆ ಬಟ್ಟೆಯ ಒಂದು ತುದಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಫ್ಯಾನ್ ಕೆಳಗೆ ಹರಡಿ. ಹದಿನೈದು ನಿಮಿಷದಲ್ಲಿ ಒಣಗುತ್ತ ಬಂದರೆ ಸಿಂಥೆಟಿಕ್. ತಣ್ಣಗೆ, ಭಾರವಾಗಿ ಹಾಗೇ ಇದ್ದರೆ ಹತ್ತಿ. ಪಾರ್ಕ್ ಒಳಗೂ ಈಜುಬಟ್ಟೆ ಮಾರುತ್ತಾರೆ, ಆದರೆ ಐದು ಜನರಿಗೆ ಅಲ್ಲಿ ಕೊಂಡರೆ ಬಟ್ಟೆಯ ಖರ್ಚೇ ದೊಡ್ಡದಾಗುತ್ತದೆ, ಅಳತೆಯೂ ಸಿಗುವ ಭರವಸೆಯಿಲ್ಲ. ಊರಿನ ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಕಬಡ್ಡಿ, ಓಟದವರು ಹಾಕುವ ಪಾಲಿಯೆಸ್ಟರ್ ಚಡ್ಡಿ, ಜೆರ್ಸಿ ಸಾಕು, ಲೋಹದ ಜಿಪ್ ಇರಬಾರದು ಅಷ್ಟೆ. ಮೈತುಂಬ ಬಟ್ಟೆ ಬಯಸುವ ಹೆಂಗಸರಿಗೆ ಉದ್ದ ತೋಳಿನ, ಕುತ್ತಿಗೆ ಮುಚ್ಚುವ ಈಜು ಟೀಶರ್ಟ್ ಮತ್ತು ಕಣಕಾಲಿನವರೆಗಿನ ಪಾಲಿಯೆಸ್ಟರ್ ಲೆಗ್ಗಿಂಗ್ಸ್ ಅನುಕೂಲ, ಬಿಸಿಲಿಗೂ ಒಳ್ಳೆಯದು.

ಒಡವೆ ಮನೆಯಲ್ಲಿರಲಿ. ಬಳೆ, ಕಾಲ್ಗೆಜ್ಜೆ, ಜುಮುಕಿ ಯಾವುದೂ ಬೇಡ. ನೀರಿನ ತಂಪಿಗೆ ಬೆರಳು ಸಣ್ಣಗಾಗಿ ಉಂಗುರ ತಾನಾಗಿಯೇ ಜಾರಿಹೋಗುತ್ತದೆ, ವೇವ್ ಪೂಲ್‌ನಲ್ಲಿ ಬಿದ್ದದ್ದನ್ನು ಹುಡುಕುವುದು ಅಸಾಧ್ಯದ ಮಾತು. ತಾಳಿ ತೆಗೆಯಲು ಮನಸ್ಸಿಲ್ಲದವರು ಉದ್ದದ ಸರ ಬಿಟ್ಟು ಗಿಡ್ಡ ಕರಿಮಣಿ ಹಾಕಿಕೊಂಡು, ಕುತ್ತಿಗೆ ಮುಚ್ಚುವ ಬಿಗಿ ಟೀಶರ್ಟ್‌ನ ಒಳಗೆ ಸೇರಿಸಿಕೊಳ್ಳಲಿ. ಪಿನ್ನು ಚುಚ್ಚಬೇಡಿ.

ಕನ್ನಡಕದವರು ಹಿಂದೆ ಕಟ್ಟುವ ದಾರ ತರಬೇಕು. ತಲೆಕೆಳಗಾಗುವ ರೈಡ್‌ಗಳಿಗೆ ಅದನ್ನೂ ಕಳಚಿಡಬೇಕಾಗುತ್ತದೆ.

ಹಿಂದಿನ ಸಂಜೆ: ಎರಡು ಬ್ಯಾಗ್

ಒಣ ಬ್ಯಾಗ್ ಒಂದು, ಒದ್ದೆ ಬ್ಯಾಗ್ ಒಂದು. ಒಣ ಬ್ಯಾಗ್‌ನಲ್ಲಿ ಪ್ರತಿಯೊಬ್ಬರ ವಾಪಸ್ ಬರುವ ಬಟ್ಟೆಯನ್ನು, ಒಳಉಡುಪು ಸೇರಿಸಿ, ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೆಸರು ಬರೆದಿಡಿ. ಬಟ್ಟೆ ಬದಲಿಸುವ ಕೋಣೆಯಲ್ಲಿ ಇಡೀ ಬ್ಯಾಗ್ ಕೆದಕುವ ಕೆಲಸ ತಪ್ಪುತ್ತದೆ. ಟರ್ಕಿ ಟವೆಲ್ ಬೇಡ, ಬೇಗ ಒಣಗುವ ತೆಳು ಟವೆಲ್ ತನ್ನಿ. ಒದ್ದೆ ಬ್ಯಾಗ್‌ನಲ್ಲಿ ಈಜುಬಟ್ಟೆ ಮತ್ತು ದಪ್ಪ ಕವರ್‌ಗಳು. ಇವುಗಳ ಜೊತೆಗೆ ಸನ್‌ಸ್ಕ್ರೀನ್, ನಾಲ್ಕು ಓಆರ್‌ಎಸ್ ಪುಡಿ, ಬ್ಯಾಂಡೇಜ್ ಪಟ್ಟಿ, ದಿನದ ಔಷಧ, ಖಾಲಿ ನೀರಿನ ಬಾಟಲಿ. ಕಾಲಿಗೆ ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಹಾಕಿ. ಏಪ್ರಿಲ್ ಮಧ್ಯಾಹ್ನದ ಕಾಂಕ್ರೀಟ್ ಮೇಲೆ ಬರಿಗಾಲಲ್ಲಿ ನಿಲ್ಲಲಾಗದು.

ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಹಸುಗೂಸಿನ ಆಹಾರಕ್ಕೆ ಮಾತ್ರ ವಿನಾಯಿತಿ. ಚಕ್ಕುಲಿ, ಪುಳಿಯೋಗರೆ ಡಬ್ಬಿ ಕಾರಿನಲ್ಲೇ ಉಳಿಯುತ್ತದೆ, ಅದನ್ನು ವಾಪಸ್ ಬರುವ ದಾರಿಗೆ ಅಂತಲೇ ಇಟ್ಟುಕೊಳ್ಳಿ.

ಪುಟ್ಟ ಮಕ್ಕಳ ಕೈಗೆ ಅಪ್ಪ ಅಥವಾ ಅಮ್ಮನ ಫೋನ್ ನಂಬರ್ ಬರೆಯುವ ರೂಢಿ ಒಳ್ಳೆಯದೇ, ಆದರೆ ಬಾಲ್‌ಪೆನ್ ಶಾಯಿ ಹತ್ತು ನಿಮಿಷದಲ್ಲಿ ನೀರುಪಾಲು. ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದು, ಅದರ ಮೇಲೆ ಪಾರದರ್ಶಕ ಬ್ಯಾಂಡೇಜ್ ಅಂಟಿಸಿ. ಇನ್ನೊಂದು ವಿಷಯ: ನೀರಿಗೆ ಇಳಿದವರ ಫೋನ್ ಲಾಕರ್‌ನಲ್ಲಿರುತ್ತದೆ, ಆ ನಂಬರಿಗೆ ಕರೆ ಮಾಡಿದರೂ ಎತ್ತುವವರಿಲ್ಲ. ಹಾಗಾಗಿ ನೀರಿಗಿಳಿಯದೆ ದಡದಲ್ಲಿ ಕೂರುವವರ ನಂಬರನ್ನೇ ಬರೆಯಿರಿ.

ಅಜ್ಜಿ, ತಾತ ಬರಬೇಕೇ?

ಅವರನ್ನು ಕೇಳಿ ನಿರ್ಧರಿಸಿ, ಮಕ್ಕಳನ್ನು ನೋಡಿಕೊಳ್ಳಲಿ ಅಂತ ಎಳೆದುಕೊಂಡು ಹೋಗಬೇಡಿ. ಹೃದಯದ ತೊಂದರೆ, ಬಿಪಿ, ಬೆನ್ನು ಅಥವಾ ಕುತ್ತಿಗೆ ನೋವು, ಮೂರ್ಛೆ ರೋಗ ಇರುವವರು ಮತ್ತು ಬಸುರಿಯರು ದೊಡ್ಡ ರೈಡ್‌ಗಳಿಗೆ ಹತ್ತಲೇಬಾರದು. ಮಂಡಿನೋವಿನವರಿಗೆ ಜಾರುಬಂಡಿಯ ಮೆಟ್ಟಿಲುಗಳು ಕಷ್ಟ. ಲೇಝಿ ರಿವರ್‌ನಲ್ಲಿ ಟ್ಯೂಬ್ ಮೇಲೆ ತೇಲುವುದು, ಸಂಜೆ ಸಂಗೀತ ಕಾರಂಜಿ ನೋಡುವುದು ಅವರಿಗೆ ಖುಷಿ ಕೊಡುವ ಸಂಗತಿಗಳು. ಅಷ್ಟಕ್ಕಾಗಿ ಏಳು ಗಂಟೆ ಬಿಸಿಲಲ್ಲಿ ಕೂರುವುದು ಬೇಡ ಅನ್ನಿಸಿದರೆ ಇನ್ನೊಂದು ದಾರಿ ಇದೆ: ಹಳೆಯ ಮೈಸೂರು ರಸ್ತೆಯಲ್ಲಿ ಮುಂದೆ, ರಾಮನಗರ ದಾಟಿದ ಮೇಲೆ ಜಾನಪದ ಲೋಕವಿದೆ. ಎಚ್.ಎಲ್. ನಾಗೇಗೌಡರು ಕಟ್ಟಿದ ಆ ಜಾಗದಲ್ಲಿ ಮರದ ನೆರಳಿದೆ, ಹಳೆಯ ಕಾಲದ ಬೇಸಾಯದ, ಅಡುಗೆಮನೆಯ ಸಾಮಾನುಗಳಿವೆ. ಹಿರಿಯರು ಒಂದು ಕಾರಿನಲ್ಲಿ ಅಲ್ಲಿಗೆ ಹೋಗಿ, ಚನ್ನಪಟ್ಟಣದ ಬೊಂಬೆ ಅಂಗಡಿ ನೋಡಿಕೊಂಡು ಬರಲಿ, ಮಧ್ಯವಯಸ್ಸಿನವರು ಮಕ್ಕಳ ಜೊತೆ ಪಾರ್ಕಿಗೆ ಹೋಗಲಿ.

ಹೋಗುವ ದಾರಿ

ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರು ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಬಂದು ಅದೇ ದಿನ ಪಾರ್ಕಿಗೆ ಹೋಗುವುದು ದೊಡ್ಡ ತಪ್ಪು. ನಿದ್ದೆಗೆಟ್ಟ ಮೈಗೆ ತಿರುಗುವ ರೈಡ್‌ನಲ್ಲಿ ತಲೆಸುತ್ತು, ವಾಂತಿ ಬೇಗ ಬರುತ್ತದೆ. ಒಂದು ರಾತ್ರಿ ಬೆಂಗಳೂರಿನ ನೆಂಟರ ಮನೆಯಲ್ಲೋ ಕೆಂಗೇರಿ, ಬಿಡದಿ ಕಡೆಯ ವಸತಿಯಲ್ಲೋ ಮಲಗಿ ಹೋಗಿ. ಪಾರ್ಕ್‌ನ ಪಕ್ಕದಲ್ಲೇ ಅವರದೇ ರೆಸಾರ್ಟ್ ಕೂಡ ಇದೆ.

ಕಾರಿನಲ್ಲಿ ಹೋಗುವವರು ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ ಹತ್ತುವ ಮೊದಲೇ ಮ್ಯಾಪ್‌ನಲ್ಲಿ ಇಳಿಯುವ ಜಾಗ ನೋಡಿಕೊಳ್ಳಿ. ಒಮ್ಮೆ ತಪ್ಪಿಸಿಕೊಂಡರೆ ಬೇಕೆಂದ ಕಡೆ ತಿರುಗಿಸಲು ಆಗುವುದಿಲ್ಲ, ತುಂಬ ಮುಂದೆ ಹೋಗಿ ಬರಬೇಕು. ಸರ್ವಿಸ್ ರಸ್ತೆ ನಿಧಾನವಾದರೂ ಈ ದೂರಕ್ಕೆ ಅದೇ ವಾಸಿ. ಬೈಕಿನವರಿಗೆ ಬೇರೆ ದಾರಿಯೇ ಇಲ್ಲ, 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕ್, ಆಟೋ ನಿಷೇಧ. ಮೆಟ್ರೋದಲ್ಲಾದರೆ ನೇರಳೆ ಮಾರ್ಗದ ಕೊನೆಯ ನಿಲ್ದಾಣ ಚಲ್ಲಘಟ್ಟದವರೆಗೆ ಹೋಗಿ, ಅಲ್ಲಿಂದ ಬಸ್ ಅಥವಾ ಕ್ಯಾಬ್. ಮೈಸೂರಿನ ತಡೆರಹಿತ ಬಸ್ ಹತ್ತಿಬಿಡಬೇಡಿ, ವಂಡರ್‌ಲಾ ಸ್ಟಾಪ್ ಇದೆಯೇ ಅಂತ ಕಂಡಕ್ಟರ್‌ರನ್ನು ಕೇಳಿಯೇ ಕಾಲಿಡಿ.

ತಿಂಡಿಗೆ ಬಿಡದಿಯ ತಟ್ಟೆ ಇಡ್ಲಿ ಬಿಡಲಾಗದು, ಸರಿ. ಒಂಬತ್ತೂವರೆಯೊಳಗೆ ತಿಂದು ಮುಗಿಸಿ, ಇಬ್ಬರಿಗೊಂದು ಉದ್ದಿನವಡೆ ಸಾಕು. ಹತ್ತೂಮುಕ್ಕಾಲಿಗೆ ಗೇಟಿನಲ್ಲಿರಬೇಕು.

ಒಳಗೆ: ಮೊದಲ ಒಂದೂವರೆ ಗಂಟೆ

ಗೇಟು ತೆರೆದ ಕೂಡಲೇ ಬಹುತೇಕ ಜನ ಎದುರಿಗೆ ಸಿಗುವ ರೈಡ್‌ಗೆ ನಿಲ್ಲುತ್ತಾರೆ, ಇಲ್ಲವೇ ಲಾಕರ್ ಕಡೆ ಹೋಗುತ್ತಾರೆ. ನೀವು ಎರಡೂ ಮಾಡಬೇಡಿ. ಒಣ ಬಟ್ಟೆಯಲ್ಲೇ ದೊಡ್ಡ ರೈಡ್‌ಗಳ ಕಡೆ ನಡೆಯಿರಿ. ಮೊದಲು ರಿಕಾಯಿಲ್. ರೈಲನ್ನು ಹಿಂದಕ್ಕೆ ಎಳೆದು ಬಿಟ್ಟು, ತಲೆಕೆಳಗಾಗಿಸಿ, ಬಂದ ದಾರಿಯಲ್ಲೇ ಮತ್ತೆ ಹಿಂದುಮುಂದಾಗಿ ಓಡಿಸುವ ರೋಲರ್ ಕೋಸ್ಟರ್ ಅದು. ಮಧ್ಯಾಹ್ನದ ಹೊತ್ತಿಗೆ ಅದರ ಕ್ಯೂ ಉದ್ದವಾಗುತ್ತದೆ. ಆಮೇಲೆ ಫ್ಲ್ಯಾಶ್ ಟವರ್, ಈಕ್ವಿನಾಕ್ಸ್, ಮ್ಯಾವರಿಕ್, ಹರಿಕೇನ್‌ಗಳಲ್ಲಿ ನಿಮಗೆ ಬೇಕಾದ ಎರಡೋ ಮೂರೋ. ಎರಡು ತಿರುಗುವ ರೈಡ್‌ಗಳನ್ನು ಬೆನ್ನಿಗೆ ಬೆನ್ನು ಹತ್ತಬೇಡಿ, ಒಳಕಿವಿಯ ಸಮತೋಲ ಮರಳಲು ಹತ್ತು ಹದಿನೈದು ನಿಮಿಷ ಕೊಡಿ. ರೈಡ್ ನಡೆಯುವಾಗ ಕಣ್ಣು ಮುಚ್ಚಿದರೆ ಕೆಲವರಿಗೆ ತಲೆಸುತ್ತು ಹೆಚ್ಚುತ್ತದೆ, ದೂರದ ಯಾವುದಾದರೂ ಮರವನ್ನು ನೋಡಿ.

ಕ್ಯೂ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದನ್ನು ನೀವೇ ಲೆಕ್ಕ ಹಾಕಬಹುದು. ರೈಡ್‌ನಲ್ಲಿ ಎಷ್ಟು ಸೀಟು ಎಣಿಸಿ. ಒಂದು ಸಲ ಹೊರಟಾಗಿನಿಂದ ಮುಂದಿನ ಸಲ ಹೊರಡುವವರೆಗೆ ಎಷ್ಟು ನಿಮಿಷ ಅಂತ ಗಡಿಯಾರ ನೋಡಿ. 24 ಸೀಟು, 4 ನಿಮಿಷ ಅಂದರೆ ನಿಮಿಷಕ್ಕೆ 6 ಜನ. ನಿಮ್ಮ ಮುಂದೆ 150 ಜನ ಇದ್ದರೆ 25 ನಿಮಿಷ. ಕಂಬಿಯ ಒಂದು ಸಾಲಿನಲ್ಲಿ ಎಷ್ಟು ಜನ ಇದ್ದಾರೆ ಅಂತ ಎಣಿಸಿ, ಸಾಲುಗಳ ಸಂಖ್ಯೆಯಿಂದ ಗುಣಿಸಿದರೆ ಆಯಿತು. 30 ನಿಮಿಷ ಮೀರುತ್ತದೆ ಅಂತ ಕಂಡರೆ ಆ ರೈಡ್ ಬಿಟ್ಟು ಮುಂದೆ ನಡೆಯಿರಿ.

ಸಣ್ಣ ಮಕ್ಕಳಿದ್ದರೆ ಅಪ್ಪ ದೊಡ್ಡ ರೈಡ್‌ಗೆ ಹೋದಾಗ ಅಮ್ಮ ಮಕ್ಕಳ ವಿಭಾಗದಲ್ಲಿರಲಿ, ಆಮೇಲೆ ಅಮ್ಮನ ಸರದಿ. ಈ ಎರಡನೆಯ ಸರದಿ ಎಷ್ಟೋ ಮನೆಗಳಲ್ಲಿ ಬರುವುದೇ ಇಲ್ಲ. ಅಮ್ಮನಿಗೆ ಯಾವ ರೈಡ್ ಬೇಕು ಅಂತ ಹೊರಡುವ ಮೊದಲೇ ಕೇಳಿ ಬರೆದುಕೊಳ್ಳಿ.

ಊಟ, ಆಮೇಲೆ ನೀರು

ಒಂದೂವರೆಗೆ ಎಲ್ಲರೂ ಊಟಕ್ಕೆ ನುಗ್ಗುತ್ತಾರೆ. ನೀವು ಹನ್ನೆರಡೂವರೆಗೆ ಉಂಡುಬಿಡಿ, ಅನ್ನ ಮೊಸರಿನಂಥ ಹಗುರ ಊಟ. ಊಟದ ನಂತರ ಅರ್ಧ ಗಂಟೆ ನೆರಳಲ್ಲಿ ಕೂತು, ಅಲ್ಲೇ ಸನ್‌ಸ್ಕ್ರೀನ್ ಹಚ್ಚಿ. ಅದು ಚರ್ಮಕ್ಕೆ ಹಿಡಿಯಲು 20 ನಿಮಿಷವಾದರೂ ಬೇಕು, ಹಚ್ಚಿದ ಕೂಡಲೇ ನೀರಿಗೆ ಬಿದ್ದರೆ ತೊಳೆದುಹೋಗುತ್ತದೆ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ನೀರಿನ ವಿಭಾಗ ಪಾರ್ಕ್ ತೆರೆದ ಸ್ವಲ್ಪ ಹೊತ್ತಿನ ಮೇಲೆ ಶುರುವಾಗಿ, ಪಾರ್ಕ್ ಮುಚ್ಚುವುದಕ್ಕೆ ಮೊದಲೇ ನಿಲ್ಲುತ್ತದೆ. ಆ ದಿನದ ಸಮಯವನ್ನು ಬೆಳಗ್ಗೆ ಒಳಗೆ ಬರುವಾಗಲೇ ಕೇಳಿಟ್ಟುಕೊಳ್ಳಿ. ಒಂದೂವರೆಯಿಂದ ನಾಲ್ಕೂವರೆಯವರೆಗೆ ಮೂರು ಗಂಟೆ ಸಾಕಷ್ಟಾಯಿತು. ಎರಡು ಮನೆಯವರಿಗೆ ಒಂದು ದೊಡ್ಡ ಲಾಕರ್ ಮಾಡಿ, ಕೀಲಿ ದಡದಲ್ಲಿ ಕೂರುವವರ ಬಳಿ ಇರಲಿ.

ಮೊದಲು ಜಾರುಬಂಡಿಗಳು, ಮೈಯಲ್ಲಿ ಶಕ್ತಿ ಇರುವಾಗಲೇ ಮೆಟ್ಟಿಲು ಹತ್ತಬೇಕು. ಜಾರುವಾಗ ಕೈ ಎದೆಯ ಮೇಲೆ, ಕಾಲು ಜೋಡಿಸಿ. ಕೈ ಚಾಚಿದರೆ ಮೊಣಕೈ ತರಚುತ್ತದೆ. ಆಮೇಲೆ ವೇವ್ ಪೂಲ್. ಅಲೆ ಏಳುವ ಮೊದಲು ಸೂಚನೆ ಕೊಡುತ್ತಾರೆ. ಈಜು ಬಾರದವರು, ಮಕ್ಕಳು ಸೊಂಟದ ಆಳ ದಾಟಬಾರದು. ಅಲೆ ಹೊಡೆಯುವುದಕ್ಕಿಂತ ಅದು ಹಿಂದೆ ಸರಿಯುವಾಗ ಕಾಲ ಕೆಳಗಿನ ನೆಲ ಎಳೆದಂತಾಗುತ್ತದೆ, ಮಕ್ಕಳು ಬೀಳುವುದು ಆಗಲೇ. ಮಗುವಿನ ಬೆರಳು ಹಿಡಿಯಬೇಡಿ, ಮುಂಗೈ ಹಿಡಿಯಿರಿ. ಮಗು ನಡುಗುತ್ತ ತುಟಿ ನೀಲಿಗಟ್ಟಿದ್ದರೆ ಎಷ್ಟೇ ಹಟ ಮಾಡಲಿ, ಹದಿನೈದು ನಿಮಿಷ ಮೇಲೆ ಕೂರಿಸಿ ಮೈ ಒರೆಸಿ. ಮಳೆಯಂತೆ ಸುರಿಯುವ ನೀರಲ್ಲಿ ಹಾಡಿಗೆ ಕುಣಿಯುವ ರೈನ್ ಡಿಸ್ಕೋವನ್ನು ಕೊನೆಗೆ ಇಟ್ಟುಕೊಳ್ಳಿ, ಅಲ್ಲಿಯ ನೀರು ಬೆಚ್ಚಗಿರುತ್ತದೆ.

ನೀರಲ್ಲಿದ್ದಾಗ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೂ ಮೈ ಬೆವರುತ್ತಲೇ ಇರುತ್ತದೆ. ಗಂಟೆಗೊಮ್ಮೆ ಎಲ್ಲರೂ ಒಂದು ಲೋಟ ನೀರು ಕುಡಿಯಲೇಬೇಕು. ಸಂಜೆಯ ತಲೆನೋವು ಬಹಳ ಸಲ ಬರುವುದು ಇದನ್ನು ಮರೆತದ್ದರಿಂದ.

ಪ್ರತಿ ಗಂಟೆಗೆ ಸೇರುವ ಜಾಗವೊಂದನ್ನು ಗುರುತಿಸಿ, ಕಣ್ಣಿಗೆ ಬೀಳುವಂಥ ಕಂಬವೋ ಅಂಗಡಿಯೋ ಆಗಿರಲಿ. "ವೇವ್ ಪೂಲ್ ಹತ್ತಿರ" ಅಂದರೆ ಸಾಲದು, ಅದರ ಸುತ್ತಳತೆಯೇ ದೊಡ್ಡದು.

ನಾಲ್ಕೂವರೆಗೆ ಮೇಲೆ ಬನ್ನಿ. ಐದು ದಾಟಿದರೆ ಇಡೀ ಪಾರ್ಕೇ ಬಟ್ಟೆ ಬದಲಿಸುವ ಕೋಣೆಯ ಮುಂದಿರುತ್ತದೆ. ಮಕ್ಕಳ ತಲೆ, ಕಿವಿ ಚೆನ್ನಾಗಿ ಒರೆಸಿ. ಕಿವಿಗೆ ನೀರು ಹೋಗಿದ್ದರೆ ಆ ಬದಿಗೆ ತಲೆ ವಾಲಿಸಿ ಕಿವಿಯ ಹಾಲೆಯನ್ನು ಮೆಲ್ಲಗೆ ಎಳೆಯಿರಿ, ಕಡ್ಡಿ ಹಾಕಬೇಡಿ. ಒಣ ಬಟ್ಟೆ ಹಾಕಿಕೊಂಡ ಮೇಲೆ ಜಯಂಟ್ ವೀಲ್‌ನಂಥ ನಿಧಾನದ ರೈಡ್ ಒಂದೆರಡು, ಒಂದು ಕಾಫಿ.

ಒದ್ದೆ ಬಟ್ಟೆಯನ್ನು ಕವರ್‌ನಲ್ಲಿ ಕಟ್ಟಿ ರಾತ್ರಿಯಿಡೀ ಇಡಬೇಡಿ. ಕ್ಲೋರಿನ್ ನೀರು ಲೈಕ್ರಾದ ಎಳೆಯನ್ನು ಸಡಿಲ ಮಾಡುತ್ತದೆ. ತಲುಪಿದ ಕೂಡಲೇ ತಣ್ಣೀರಲ್ಲಿ ಎರಡು ಸಲ ಜಾಲಿಸಿ ನೆರಳಲ್ಲಿ ಹರಡಿ. ಭಾನುವಾರವಾದರೆ ಸಂಜೆ ಆರರಿಂದ ಎಂಟೂವರೆಯವರೆಗೆ ಮೈಸೂರು ಕಡೆಯಿಂದ ಬೆಂಗಳೂರಿಗೆ ಮರಳುವ ಗಾಡಿಗಳಿಂದ ಕೆಂಗೇರಿ ಬಳಿ ರಸ್ತೆ ತುಂಬಿರುತ್ತದೆ. ಒಂದೋ ಐದೂವರೆಗೆ ಹೊರಡಿ, ಇಲ್ಲವೇ ಕಾರಂಜಿ ನೋಡಿಕೊಂಡು, ಬಿಡದಿಯಲ್ಲೇ ರಾತ್ರಿ ಊಟ ಮುಗಿಸಿ ಒಂಬತ್ತರ ಮೇಲೆ ಹೊರಡಿ.